ಹುಟ್ಟಿನೊಂದಿಗೆ ಬಂದದ್ದು

ಹುಟ್ಟುಕುರುಡು ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ತಾಯಿಯೊಬ್ಬಳು ಬಸ್ಸು ಹತ್ತಿದರೆ ಪಕ್ಕದ ಸೀಟಿನವರ ನಾಲಗೆಯ ತುದಿಗೆ ಒಂದು ಮಾತು ಬಂದು ನಿಲ್ಲುತ್ತದೆ: ಯಾರು ಮಾಡಿದ ಪಾಪವೋ ಏನೋ. ಕೆಲವರು ಅದನ್ನು ನುಂಗಿಕೊಳ್ಳುತ್ತಾರೆ, ಕೆಲವರು ಆಡಿಯೇಬಿಡುತ್ತಾರೆ. ಆಡಿದವರು ಕೆಟ್ಟವರೇ ಆಗಿರಬೇಕಿಲ್ಲ. ಮರುಗಳಿಗೆಯಲ್ಲಿ ಆ ಮಗುವಿನ ಕೈಗೆ ಬಿಸ್ಕತ್ತು ಇಡುವವರೂ ಅವರೇ. ಆದರೆ ಆ ತಾಯಿ ಮನೆ ಸೇರುವುದು ಎರಡು ಹೊರೆ ಹೊತ್ತು. ಮಗುವಿನ ಕತ್ತಲೆ ಒಂದು, ಅದಕ್ಕೆ ತಾನೇ ಕಾರಣವಿರಬಹುದೇ ಎಂಬ ಶಂಕೆ ಇನ್ನೊಂದು.

ಯೋಹಾನನ ಶುಭಸಂದೇಶದ ಒಂಬತ್ತನೆಯ ಅಧ್ಯಾಯದಲ್ಲಿ ಯೇಸುವಿನ ಶಿಷ್ಯರು ಕೇಳುವುದೂ ಇದನ್ನೇ. ಜೆರುಸಲೇಮಿನಲ್ಲಿ ಹುಟ್ಟುಕುರುಡನೊಬ್ಬ ಭಿಕ್ಷೆಗೆ ಕೂತಿದ್ದಾನೆ. ಇವನು ಹೀಗೆ ಹುಟ್ಟಿದ್ದು ಇವನ ಪಾಪದಿಂದಲೋ ಹೆತ್ತವರ ಪಾಪದಿಂದಲೋ ಎಂದು ಅವರು ಗುರುವನ್ನು ವಿಚಾರಿಸುತ್ತಾರೆ. ಎರಡೂ ಅಲ್ಲ ಎನ್ನುತ್ತಾರೆ ಯೇಸು. ಆಮೇಲೆ ನೆಲಕ್ಕೆ ಉಗುಳಿ, ಮಣ್ಣು ಕಲಸಿ, ಅವನ ಕಣ್ಣಿಗೆ ಹಚ್ಚಿ, ಸಿಲೋವದ ಕೊಳದಲ್ಲಿ ತೊಳೆದುಕೊಂಡು ಬರಲು ಕಳಿಸುತ್ತಾರೆ. ಕಣ್ಣು ಬಂದವನ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಊರಿನ ಧರ್ಮಪಂಡಿತರು ಅವನನ್ನು ವಿಚಾರಣೆಗೆ ನಿಲ್ಲಿಸುತ್ತಾರೆ, ಹೆತ್ತವರನ್ನೂ ಕರೆಸುತ್ತಾರೆ, ಕೊನೆಗೆ ಪಾಪದಲ್ಲೇ ಹುಟ್ಟಿದ ನೀನು ನಮಗೆ ಹೇಳಿಕೊಡುತ್ತೀಯಾ ಎಂದು ಜರೆದು ಹೊರಗೆ ಅಟ್ಟುತ್ತಾರೆ. ಕಣ್ಣು ಗುಣವಾದರೂ ಹುಟ್ಟಿನ ಮೇಲೆ ಹಚ್ಚಿದ ಹಣೆಪಟ್ಟಿಯನ್ನು ಕೀಳಲು ಅವರು ಸಿದ್ಧರಿರಲಿಲ್ಲ.

ಈ ಅಧ್ಯಾಯವನ್ನು ಓದುವಾಗಲೆಲ್ಲ ನನಗೊಂದು ಸಂಕಟ. ಇಷ್ಟು ನಿಚ್ಚಳವಾಗಿ ಮಾತಾಡಿದ ಗುರುವಿನ ಹೆಸರಲ್ಲೇ ನಡೆದುಬಂದ ಧರ್ಮ, ಹುಟ್ಟುವ ಪ್ರತಿ ಮಗುವೂ ಪಾಪದೊಂದಿಗೇ ಹುಟ್ಟುತ್ತದೆ ಎಂದು ಶತಮಾನಗಟ್ಟಲೆ ಬೋಧಿಸಿದ್ದು ಹೇಗೆ? ಆದಮನ ಅವಿಧೇಯತೆಯ ಫಲ ಅವನ ಸಂತಾನಕ್ಕೆಲ್ಲ ಹರಿದುಬಂದಿದೆ ಎಂಬ ಆ ಬೋಧನೆಯನ್ನು ನಮ್ಮಲ್ಲಿ ಮೂಲಪಾಪ ಎನ್ನುತ್ತಾರೆ, ಜನ್ಮಪಾಪ ಎಂದೂ ಹೇಳುತ್ತಾರೆ. ಕ್ರೈಸ್ತರಲ್ಲದ ಸ್ನೇಹಿತರು ಇದನ್ನು ಕರ್ಮಸಿದ್ಧಾಂತದ ಇನ್ನೊಂದು ರೂಪವೆಂದು ತಿಳಿಯುವುದುಂಟು. ಆದರೆ ಮಾಡಿದ್ದುಣ್ಣೋ ಮಹಾರಾಯ ಎನ್ನುವಾಗ ಮಾಡಿದವನೂ ಉಣ್ಣುವವನೂ ಒಬ್ಬನೇ. ಹಿಂದಿನ ಜನ್ಮದ್ದಾದರೂ ಲೆಕ್ಕ ಅವನದೇ. ಮೂಲಪಾಪದಲ್ಲಿ ಮಾಡಿದವನು ಒಬ್ಬ, ಉಣ್ಣುವವರು ಬೇರೆ. ಅದರ ಕಷ್ಟವೆಲ್ಲ ಇರುವುದು ಇಲ್ಲೇ.

ಬೈಬಲ್ಲಿನಲ್ಲೂ ಈ ಬಗ್ಗೆ ಒಂದೇ ದನಿಯಿಲ್ಲ. ವಿಮೋಚನಕಾಂಡದ ದಶಾಜ್ಞೆಗಳ ನಡುವೆ, ತಂದೆಗಳ ದೋಷವನ್ನು ಮೂರು ನಾಲ್ಕು ತಲೆಮಾರಿನವರೆಗೆ ವಿಚಾರಿಸುವ ದೇವರ ಎಚ್ಚರಿಕೆ ಬರುತ್ತದೆ. ಅದರ ಬೆನ್ನಿಗೇ ಸಾವಿರಾರು ತಲೆಮಾರಿಗೆ ಹರಿಯುವ ಕರುಣೆಯ ಮಾತೂ ಇದೆ. ಮುಂದೆ ಬಾಬಿಲೋನಿನ ಸೆರೆಯ ಕಾಲದಲ್ಲಿ ಇಸ್ರೇಲರ ಬಾಯಲ್ಲಿ ಒಂದು ಗಾದೆ ಓಡಾಡುತ್ತಿತ್ತು. ಹುಳಿದ್ರಾಕ್ಷಿ ತಿಂದವರು ಹಿರಿಯರು, ಹಲ್ಲು ಜುಮ್ಮೆನ್ನುವುದು ಮಕ್ಕಳಿಗೆ ಎಂಬ ಅರ್ಥದ್ದು. ಪ್ರವಾದಿ ಯೆಹೆಜ್ಕೇಲ ತನ್ನ ಗ್ರಂಥದ ಹದಿನೆಂಟನೆಯ ಅಧ್ಯಾಯವನ್ನೆಲ್ಲ ಈ ಗಾದೆಯನ್ನು ಅಳಿಸಲೆಂದೇ ಮೀಸಲಿಟ್ಟಂತಿದೆ. ತಂದೆಯ ದೋಷ ಮಗನ ಮೇಲಿಲ್ಲ, ಮಗನದು ತಂದೆಯ ಮೇಲಿಲ್ಲ ಎಂದು ಅವನು ಮತ್ತೆ ಮತ್ತೆ ಹೇಳುತ್ತಾನೆ. ಸೆರೆಯಲ್ಲೇ ಹುಟ್ಟಿದ ಮಗುವಿನ ಹಲ್ಲು ಜುಮ್ಮೆಂದದ್ದು ಸುಳ್ಳೇನಲ್ಲ. ನೋವು ನಿಜವಾಗಿಯೂ ಹಿರಿಯರಿಂದ ಕಿರಿಯರಿಗೆ ಇಳಿದಿತ್ತು. ಆ ನೋವಿನ ಜೊತೆಗೆ ತೀರ್ಪನ್ನೂ ಮಗುವಿನ ತಲೆಗೆ ಕಟ್ಟಬೇಡಿ ಎಂಬುದು ಪ್ರವಾದಿಯ ಹಟ.

ಈ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದವರು ಸಂತ ಅಗಸ್ಟೀನರು. ಅವರನ್ನು ಬೈದು ಮುಂದೆ ಹೋಗುವುದು ಸುಲಭ, ಇತ್ತೀಚೆಗೆ ಅದೇ ರೂಢಿಯಾಗಿದೆ. ನನಗೆ ಹಾಗೆ ಮಾಡಲು ಮನಸ್ಸಿಲ್ಲ. 354ರಲ್ಲಿ ಇಂದಿನ ಅಲ್ಜೀರಿಯದ ತಗಸ್ತೆ ಎಂಬ ಊರಲ್ಲಿ ಹುಟ್ಟಿ, ಮುಂದೆ ಹಿಪ್ಪೋ ನಗರದ ಬಿಷಪರಾದ ಈ ಮನುಷ್ಯ ಮನಸ್ಸಿನ ತಳವನ್ನು ಕಂಡಷ್ಟು ಆಳವಾಗಿ ಕಂಡವರು ಕಡಿಮೆ. ತಮ್ಮ ಆತ್ಮಕಥನ ‘ಕನ್ಫೆಷನ್ಸ್’ನಲ್ಲಿ ಅವರು ಹದಿನಾರರ ಪ್ರಾಯದ ಒಂದು ಕಳ್ಳತನವನ್ನು ನೆನೆಯುತ್ತಾರೆ. ರಾತ್ರಿ ಗೆಳೆಯರ ಗುಂಪು ಕಟ್ಟಿಕೊಂಡು ನೆರೆಯ ತೋಟದ ಪೇರ್ ಮರವನ್ನು ಬೋಳಿಸಿ, ಹಣ್ಣುಗಳನ್ನು ಹಂದಿಗಳಿಗೆ ಎಸೆದದ್ದು. ಹಸಿವಿರಲಿಲ್ಲ, ಅದಕ್ಕಿಂತ ಒಳ್ಳೆಯ ಹಣ್ಣು ಅವರ ಹತ್ತಿರವೇ ಇತ್ತು. ಕದಿಯುವ ಖುಷಿಗಾಗಿಯೇ ಕದ್ದೆವಲ್ಲ, ಆ ಖುಷಿ ನನ್ನೊಳಗೆ ಎಲ್ಲಿಂದ ಬಂತು ಎಂದು ಪುಟಗಟ್ಟಲೆ ತಮ್ಮನ್ನೇ ಕೇಳಿಕೊಳ್ಳುತ್ತಾರೆ. ಇನ್ನೊಂದು ಕಡೆ, ಇನ್ನೂ ಮಾತು ಬಾರದ ಹಸುಗೂಸು ತನ್ನ ಜೊತೆ ಮೊಲೆಹಾಲು ಹಂಚಿಕೊಳ್ಳುವ ಇನ್ನೊಂದು ಕೂಸನ್ನು ಹೊಟ್ಟೆಕಿಚ್ಚಿನಿಂದ ಬಿಳಿಚಿಕೊಂಡು ನೋಡುವುದನ್ನು ವರ್ಣಿಸುತ್ತಾರೆ. ಬಾಣಂತಿಕೋಣೆಯಲ್ಲಿ ಅವಳಿ ಮಕ್ಕಳನ್ನು ಕಂಡ ಯಾವ ಅಜ್ಜಿಯೂ ಇದನ್ನು ಅಲ್ಲಗಳೆಯಲಾರಳು. ನಾವು ಆಯ್ಕೆ ಮಾಡಲು ಕಲಿಯುವ ಮೊದಲೇ ನಮ್ಮೊಳಗೆ ಏನೋ ಒಂದು ವಾಲಿಕೊಂಡಿದೆ. ಅಗಸ್ಟೀನರು ಕಂಡದ್ದು ಇದನ್ನು, ಮತ್ತು ಅದು ನಿಜ.

ಅವರ ಎದುರಾಳಿ ಪೆಲಾಜಿಯಸ್ ಬ್ರಿಟನ್ನಿನಿಂದ ರೋಮಿಗೆ ಬಂದ ತಪಸ್ವಿ, ಶುದ್ಧ ಬದುಕಿನವರು. ಆದಮ ಕೆಡಿಸಿದ್ದು ತನ್ನನ್ನು ಮಾತ್ರ, ಉಳಿದವರಿಗೆ ಅವನು ಕೆಟ್ಟ ಮಾದರಿಯಾದ ಅಷ್ಟೇ. ಪ್ರತಿ ಮಗುವೂ ನಿಷ್ಕಳಂಕವಾಗಿ ಹುಟ್ಟುತ್ತದೆ, ಮನಸ್ಸು ಮಾಡಿದರೆ ಯಾರೂ ಪಾಪವಿಲ್ಲದೆ ಬದುಕಬಹುದು ಎಂಬುದು ಈ ಪಂಥದ ನಿಲುವು. 418ರಲ್ಲಿ ಕಾರ್ಥೇಜಿನ ಸಮ್ಮೇಳನ ಇದನ್ನು ಖಂಡಿಸಿತು. ಇಂದಿನ ಓದುಗರಿಗೆ ಪೆಲಾಜಿಯಸ್ಸರೇ ಮೃದು ಹೃದಯದವರಾಗಿ ಕಾಣುತ್ತಾರೆ. ನನಗೂ ಮೊದಲು ಹಾಗೇ ಕಂಡಿತ್ತು. ಆದರೆ ಅಜ್ಜ ಕುಡಿದು ಸತ್ತ, ಅಪ್ಪ ಕುಡಿದು ಬಡಿದ ಮನೆಯಲ್ಲಿ ಬೆಳೆದು ತಾನೂ ಕುಡಿತಕ್ಕೆ ಬಿದ್ದ ಒಬ್ಬನನ್ನು ಅವರ ಮುಂದೆ ನಿಲ್ಲಿಸಿ ನೋಡಿ. ನೀನು ಸ್ವತಂತ್ರನಾಗಿ ಹುಟ್ಟಿದ್ದೆ, ಬಿಡಬಹುದಿತ್ತು, ಬಿಡಲಿಲ್ಲ ಎಂದಷ್ಟೇ ಆ ಸಿದ್ಧಾಂತ ಅವನಿಗೆ ಹೇಳಬಲ್ಲದು. ಪ್ರತಿ ಸಲ ಬಿದ್ದಾಗಲೂ ಪೂರ್ತಿ ತಪ್ಪು ಅವನದೇ. ಬಲವಿದ್ದವರಿಗೆ ಅದು ಹುರುಪು ಕೊಟ್ಟೀತು, ಬಲಹೀನರಿಗೆ ಅದರಂಥ ಕ್ರೌರ್ಯ ಇನ್ನೊಂದಿಲ್ಲ. 1935ರಲ್ಲಿ ಅಮೆರಿಕದ ಅಕ್ರನ್ ನಗರದಲ್ಲಿ ಶುರುವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟದಲ್ಲಿ ಮೊದಲ ಮೆಟ್ಟಿಲೇ, ಕುಡಿತದ ಮುಂದೆ ನನ್ನ ಕೈ ಸೋತಿದೆ ಎಂದು ಒಪ್ಪಿಕೊಳ್ಳುವುದು. ಅಲ್ಲಿ ಕೂರುವವರಲ್ಲಿ ಅನೇಕರು ಅಗಸ್ಟೀನರ ಹೆಸರನ್ನೂ ಕೇಳಿರಲಾರರು, ಆದರೂ ಅವರ ಪಕ್ಕದಲ್ಲೇ ಕೂತಿರುತ್ತಾರೆ. ವಾಸಿಯಾಗಲು ಹೊರಗಿನಿಂದ ಒಂದು ಕೈ ಬೇಕು, ಕೃಪೆ ಬೇಕು ಎಂಬ ಅರಿವು ಇಬ್ಬರಿಗೂ ಒಂದೇ.

ಅಗಸ್ಟೀನರು ಎಡವಿದ್ದು ಇದರ ಮುಂದಿನ ಹೆಜ್ಜೆಯಲ್ಲಿ. ವಾಲಿಕೊಂಡದ್ದು ಮಾತ್ರವಲ್ಲ, ಅಪರಾಧವೂ ಹುಟ್ಟಿನೊಂದಿಗೆ ಬರುತ್ತದೆ ಎಂದರು ಅವರು. ಎಲ್ಲರೂ ಆದಮನಲ್ಲೇ ಪಾಪ ಮಾಡಿದ್ದಾರೆ, ಆದ್ದರಿಂದ ಜ್ಞಾನಸ್ನಾನವಿಲ್ಲದೆ ಸತ್ತ ಕೂಸಿಗೂ ದಂಡನೆಯುಂಟು, ಅದು ಎಲ್ಲಕ್ಕಿಂತ ಹಗುರವಾದದ್ದಾದರೂ ದಂಡನೆಯೇ. ಹೀಗೆ ಬರೆದ ಮನುಷ್ಯ ಕಲ್ಲಿನವರಾಗಿರಲಿಲ್ಲ. 387ರ ಈಸ್ಟರ್ ಹಬ್ಬದಲ್ಲಿ ಮಿಲಾನಿನಲ್ಲಿ ಅವರ ಜೊತೆಗೇ ಜ್ಞಾನಸ್ನಾನ ಪಡೆದ ಮಗ ಅದೆಯೊದಾತುಸ್ ಹರೆಯದಲ್ಲೇ ತೀರಿಕೊಂಡಿದ್ದ. ಮಗನನ್ನು ಮಣ್ಣಿಗಿಟ್ಟ ದುಃಖ ಅವರಿಗೆ ಗೊತ್ತಿತ್ತು. 415ರಲ್ಲಿ ಸಂತ ಜೆರೋಮರಿಗೆ ಬರೆದ ಕಾಗದದಲ್ಲಿ, ಶಿಶುಗಳ ಶಿಕ್ಷೆಯ ವಿಚಾರಕ್ಕೆ ಬಂದಾಗ ತಾನು ಇಕ್ಕಟ್ಟಿಗೆ ಸಿಲುಕುತ್ತೇನೆ, ಏನು ಉತ್ತರಿಸಬೇಕೆಂದೇ ತೋಚುವುದಿಲ್ಲ ಎಂದು ಅವರು ಒಪ್ಪಿಕೊಂಡಿದ್ದಾರೆ. ನಾನು ಆ ಕಾಗದವನ್ನು ತುಂಬ ಗೌರವಿಸುತ್ತೇನೆ. ಆದರೆ ತರ್ಕದ ಹಗ್ಗವನ್ನು ಅವರು ಬಿಡಲಿಲ್ಲ. ಇಟಲಿಯ ಎಕ್ಲಾನುಮಿನ ಬಿಷಪ್ ಜೂಲಿಯನ್, ಹಸುಗೂಸುಗಳನ್ನು ಹಿಂಸಿಸುವವನು ನಿಮ್ಮ ದೇವರು ಎಂದು ಮುಖಕ್ಕೆ ಹೊಡೆದಂತೆ ಬರೆದರು. ಆ ಜಗಳ ಮುಗಿಯುವ ಮೊದಲೇ, 430ರಲ್ಲಿ, ವ್ಯಾಂಡಲರು ಹಿಪ್ಪೋ ನಗರವನ್ನು ಮುತ್ತಿದ್ದಾಗ ಅಗಸ್ಟೀನರು ಕಣ್ಣು ಮುಚ್ಚಿದರು.

ದೊಡ್ಡವರ ಪುಸ್ತಕದಲ್ಲಿ ತರ್ಕವಾಗಿದ್ದದ್ದು ಬಡವರ ಮನೆಯಲ್ಲಿ ಏನಾಗುತ್ತದೆ ಎಂಬುದಕ್ಕೆ ಐರ್ಲೆಂಡಿನ ಮಣ್ಣು ಸಾಕ್ಷಿ. ಅಲ್ಲಿ ಕಿಲ್ಲೀನ್ ಎಂದು ಕರೆಯುವ ಜಾಗಗಳಿವೆ. ಜ್ಞಾನಸ್ನಾನಕ್ಕೆ ಮೊದಲೇ ಸತ್ತ, ಇಲ್ಲವೇ ಸತ್ತೇ ಹುಟ್ಟಿದ ಮಕ್ಕಳನ್ನು ಪವಿತ್ರೀಕರಿಸಿದ ಸ್ಮಶಾನದಲ್ಲಿ ಹೂಳುವಂತಿರಲಿಲ್ಲ. ಅವರ ಪಾಲಿಗೆ ಬಂದದ್ದು ಪಾಳುಬಿದ್ದ ಹಳೆಯ ಗುಡಿಗಳ ಮಗ್ಗುಲು, ಹೊಲದ ಅಂಚು, ಕಡಲ ದಂಡೆ. ಎಷ್ಟೋ ಕಡೆ ಕತ್ತಲಾದ ಮೇಲೆ ಅಪ್ಪನೋ ಚಿಕ್ಕಪ್ಪನೋ ಪುಟ್ಟ ಪೆಟ್ಟಿಗೆಯನ್ನು ಹೊತ್ತೊಯ್ದು ಹೂತು ಬರುತ್ತಿದ್ದರು. ಹೆಸರಿಲ್ಲ, ಪ್ರಾರ್ಥನೆಯಿಲ್ಲ, ಗುರುತಿಗೆ ಒಂದು ಕಾಡುಕಲ್ಲು. ಇನ್ನೂ ಸೂತಕದ ಹಾಸಿಗೆಯಲ್ಲಿದ್ದ ತಾಯಿಗೆ ಎಷ್ಟೋ ಸಲ ಆ ಕಲ್ಲು ಯಾವುದೆಂದೂ ತಿಳಿಯುತ್ತಿರಲಿಲ್ಲ. ಇದು ಇಪ್ಪತ್ತನೆಯ ಶತಮಾನದ ನಡುಭಾಗದವರೆಗೂ ನಡೆದಿದೆ. ಮಧ್ಯಯುಗದ ಚಿಂತಕರು ಅಗಸ್ಟೀನರ ಕಾಠಿಣ್ಯವನ್ನು ಮೆತ್ತಗೆ ಮಾಡಲು ಲಿಂಬೋ ಎಂಬ ಸ್ಥಿತಿಯನ್ನು ಊಹಿಸಿದ್ದರು: ಶಿಕ್ಷೆಯಿಲ್ಲ, ಆದರೆ ದೇವದರ್ಶನವೂ ಇಲ್ಲ. ಅದು ಕ್ಯಾಥೊಲಿಕ್ ಧರ್ಮಸಭೆಯ ವಿಶ್ವಾಸಸತ್ಯವೆಂದು ಎಂದೂ ಘೋಷಣೆಯಾಗಲಿಲ್ಲ. 2007ರಲ್ಲಿ ವ್ಯಾಟಿಕನ್ನಿನ ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗ, ಇಂಥ ಶಿಶುಗಳ ರಕ್ಷಣೆಯನ್ನು ಭರವಸೆಯಿಂದ ನಿರೀಕ್ಷಿಸಲು ಬಲವಾದ ಆಧಾರಗಳಿವೆ ಎಂದು ಹೇಳುವ ದಸ್ತಾವೇಜನ್ನು ಹೊರತಂದಿತು. ಅಷ್ಟು ಹೊತ್ತಿಗೆ ಆ ತಾಯಂದಿರಲ್ಲಿ ಹೆಚ್ಚಿನವರು ಬದುಕಿರಲಿಲ್ಲ.

ಬೇರೆ ದಾರಿ ಇರಲಿಲ್ಲವೇ? ಇತ್ತು, ಅದೂ ಅಗಸ್ಟೀನರ ಕಾಲದಲ್ಲೇ. ಕಾನ್‌ಸ್ಟಾಂಟಿನೋಪಲ್ಲಿನ ಬಿಷಪರಾಗಿದ್ದ ಸಂತ ಯೋಹಾನ ಕ್ರಿಸೊಸ್ತೋಮರು, ಮಕ್ಕಳಲ್ಲಿ ಪಾಪವಿಲ್ಲದಿದ್ದರೂ ನಾವು ಅವರಿಗೆ ಜ್ಞಾನಸ್ನಾನದ ದೀಕ್ಷೆ ಕೊಡುತ್ತೇವೆ, ದೇವರ ಮಕ್ಕಳೆಂಬ ಬಾಧ್ಯತೆ ಅವರಿಗೂ ಸಿಗಲೆಂದು ಎಂಬರ್ಥದಲ್ಲಿ ಬೋಧಿಸಿದ್ದರು. ಜೂಲಿಯನ್ ಈ ಮಾತನ್ನು ಎತ್ತಿ ತೋರಿಸಿದಾಗ, ಅದು ಮಕ್ಕಳು ಸ್ವತಃ ಮಾಡಿದ ಪಾಪಗಳ ಬಗ್ಗೆ ಮಾತ್ರ ಹೇಳಿದ್ದು ಎಂದು ಅಗಸ್ಟೀನರು ಸಮಜಾಯಿಷಿ ಕೊಡಬೇಕಾಯಿತು. ಪೂರ್ವದ ಸಭೆಗಳು ಇಂದಿಗೂ ಹಿಡಿದುಕೊಂಡಿರುವುದು ಇದೇ ದಾರಿಯನ್ನು. ಆದಮನಿಂದ ನಮಗೆ ಬಂದದ್ದು ಸಾವು, ನಶ್ವರತೆ, ಸಾವಿನ ಭಯದಿಂದ ಹುಟ್ಟುವ ದುರಾಸೆ; ಅವನ ಅಪರಾಧ ಅವನದೇ. ಮನುಷ್ಯ ಇಲ್ಲಿ ಕಟಕಟೆಯಲ್ಲಿ ನಿಂತ ಆರೋಪಿಗಿಂತ ಹೆಚ್ಚಾಗಿ ಹಾಸಿಗೆ ಹಿಡಿದ ರೋಗಿ. ದೇವಾಲಯ ನ್ಯಾಯಸ್ಥಾನವಲ್ಲ, ವೈದ್ಯಶಾಲೆ ಎಂದು ತಮ್ಮ ಜನಕ್ಕೆ ಹೇಳಿದವರೂ ಕ್ರಿಸೊಸ್ತೋಮರೇ. ಅದಕ್ಕೂ ಮುಂಚೆ ನಾಲ್ಕನೆಯ ಶತಮಾನದಲ್ಲೇ ಸಂತ ಬೆಸಿಲರು ಸಿಸೇರಿಯ ನಗರದ ಹೊರಗೆ ನಿಜವಾದ ಆಸ್ಪತ್ರೆಯನ್ನೇ ಕಟ್ಟಿದ್ದರು, ಜನ ಮುಟ್ಟಲು ಹೆದರುತ್ತಿದ್ದ ಕುಷ್ಠರೋಗಿಗಳಿಗೂ ಅಲ್ಲಿ ಎಡೆಯಿತ್ತು.

ಇವೆಲ್ಲ ದೂರದ ಮಾತೆನಿಸಬಹುದು. ಆದರೆ ಮಂಗಳೂರಿನಿಂದ ಬ್ರಹ್ಮಾವರದವರೆಗಿನ ಕರಾವಳಿಯಲ್ಲಿ ಈ ಹೊಳೆಗಳೆಲ್ಲ ಹರಿದಿವೆ. ಗೋವೆಯಿಂದ ಬಂದ ಕ್ಯಾಥೊಲಿಕರು ಅಗಸ್ಟೀನರ ಬೋಧನೆಯನ್ನು ತಂದರು. 1834ರಲ್ಲಿ ಮಂಗಳೂರಿಗೆ ಕಾಲಿಟ್ಟ ಬಾಸೆಲ್ ಮಿಷನ್ನಿನವರು ಅದಕ್ಕಿಂತ ಗಾಢವಾದ ಸುಧಾರಕರ ಪಾಪಪ್ರಜ್ಞೆಯನ್ನು ತಂದರು, ಅವರು ಬಂದ ಸ್ವಿಸ್ ನೆಲದಲ್ಲಿ ಜೂರಿಕ್ಕಿನ ಸ್ವಿಂಗ್ಲಿ ಮೂಲಪಾಪವನ್ನು ಅಪರಾಧ ಎನ್ನುವ ಬದಲು ರೋಗವೆಂದೇ ಕರೆದಿದ್ದರೂ ಕೂಡ. ಬ್ರಹ್ಮಾವರದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕೊಂಕಣಿ ಮಾತಾಡುವ ಕ್ಯಾಥೊಲಿಕ್ ಕುಟುಂಬಗಳು ಅಲ್ವಾರಿಸ್ ಮಾರ್ ಜೂಲಿಯಸ್ಸರ ಹಿಂದೆ ಸಿರಿಯನ್ ಆರ್ಥಡಾಕ್ಸ್ ಸಭೆಯನ್ನು ಸೇರಿದವು. ಅಲ್ಲಿ ಪೂರ್ವದ ಪರಂಪರೆ ಇಂದಿಗೂ ಇದೆ. ಕಂಕನಾಡಿಯಲ್ಲಿ 1880ರಲ್ಲಿ ಹೋಮಿಯೋಪತಿ ಗುಳಿಗೆ ಹಂಚತೊಡಗಿದ ಜೆಸ್ವಿಟ್ ಪಾದ್ರಿ ಅಗಸ್ಟಸ್ ಮುಲ್ಲರ್ ಮುಂದೆ ಕುಷ್ಠರೋಗಿಗಳಿಗೂ ಆಶ್ರಯ ಕಟ್ಟಿದರು. ಮುಲ್ಲರರು ಕಲಿತ ದೈವಶಾಸ್ತ್ರ ಪಶ್ಚಿಮದ್ದು, ಅವರ ಕೈ ಮಾಡಿದ ಕೆಲಸ ಬೆಸಿಲರದು. ಯಾರ ಪಾಪವೋ ಎಂದು ಬೀದಿ ಹೇಳುತ್ತಿದ್ದ ದೇಹಗಳ ಹುಣ್ಣು ತೊಳೆಯುವಾಗ ಈ ಭೇದಗಳಿಗೆ ಎಷ್ಟು ಬೆಲೆ ಉಳಿದೀತು!

ಪಶ್ಚಿಮವೂ ನಿಧಾನವಾಗಿ ಇತ್ತ ವಾಲಿದೆ. 1992ರಲ್ಲಿ ಬಂದ ಕ್ಯಾಥೊಲಿಕ್ ಧರ್ಮೋಪದೇಶ ಗ್ರಂಥ, ಮೂಲಪಾಪವು ಆದಮನ ಸಂತತಿಯ ಯಾರಲ್ಲೂ ಸ್ವಂತ ತಪ್ಪಿನ ಸ್ವರೂಪದ್ದಲ್ಲ, ಗಾಯಗೊಂಡ ಒಂದು ಸ್ಥಿತಿ ಎಂದು ವಿವರಿಸುತ್ತದೆ. ನನಗೆ ಇದು ದೊಡ್ಡ ಬಿಡುಗಡೆಯ ಮಾತು.

ಆದರೆ ಬಿಡುಗಡೆ ಎಂದ ಕೂಡಲೇ ಇನ್ನೊಂದು ಅಪಾಯ ಕಾದಿರುತ್ತದೆ. ತಪ್ಪು ನನ್ನದಲ್ಲ ಎಂಬ ನಿಜ, ನನಗೆ ಸಂಬಂಧವೇ ಇಲ್ಲ ಎಂಬ ಸುಳ್ಳಾಗಿ ಬಲು ಬೇಗ ಮಾರ್ಪಡುತ್ತದೆ. ಇದನ್ನು ಯೋಚಿಸುವಾಗ ನನ್ನ ಮನಸ್ಸು ಹೋಗುವುದು ಅಮೃತಸರಕ್ಕೆ.

1919ರ ಏಪ್ರಿಲ್ 10ರಂದು ಅಮೃತಸರದ ಗಲ್ಲಿಯೊಂದರಲ್ಲಿ ಮಾರ್ಸೆಲ್ಲಾ ಶೆರ್ವುಡ್ ಎಂಬ ಇಂಗ್ಲಿಷ್ ಮಿಷನರಿ ಮಹಿಳೆಯ ಮೇಲೆ ಗುಂಪೊಂದು ಹಲ್ಲೆ ಮಾಡಿತು. ಆಕೆಯನ್ನು ಎತ್ತಿ ಒಳಗೊಯ್ದು ಉಳಿಸಿದವರೂ ಅದೇ ಊರಿನ ಜನ. 13ರಂದು ಜಲಿಯನ್‌ವಾಲಾ ಬಾಗಿನಲ್ಲಿ ಬ್ರಿಟಿಷ್ ಸೇನಾಧಿಕಾರಿ ಡಯರನ ಸೈನಿಕರು ನೆರೆದ ಜನರ ಮೇಲೆ ಗುಂಡು ಹಾರಿಸಿದರು. ಸರ್ಕಾರದ ಲೆಕ್ಕದಲ್ಲೇ ಸತ್ತವರು 379. ಆಮೇಲೆ ಡಯರ್ ಆ ಗಲ್ಲಿಯಲ್ಲಿ ಹಾದುಹೋಗುವ ಭಾರತೀಯರೆಲ್ಲ ತೆವಳಿಕೊಂಡೇ ಹೋಗಬೇಕೆಂಬ ಅಪ್ಪಣೆ ಹೊರಡಿಸಿದ. ಆಕೆಯನ್ನು ಕಾಪಾಡಿದ ನೆರೆಹೊರೆಯವರಿಗೂ ಅದರಿಂದ ವಿನಾಯಿತಿ ಇರಲಿಲ್ಲ. ನೂರು ವರ್ಷ ಕಳೆದ ಮೇಲೆ, 2019ರ ಸೆಪ್ಟೆಂಬರ್ 10ರಂದು, ಇಂಗ್ಲೆಂಡಿನ ಸಭೆಯ ಅತ್ಯಂತ ಹಿರಿಯ ಬಿಷಪರಾಗಿದ್ದ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿ ಆ ಬಾಗಿಗೆ ಬಂದು ಸ್ಮಾರಕದ ಮುಂದೆ ನೆಲಕ್ಕೆ ಮೈಚಾಚಿ ಬೋರಲು ಮಲಗಿದರು. ಸರ್ಕಾರದ ಪರವಾಗಿ ಮಾತಾಡುವ ಅಧಿಕಾರ ತನಗಿಲ್ಲ, ಧಾರ್ಮಿಕ ನಾಯಕನಾಗಿ ನಾಚಿಕೆಪಡುತ್ತೇನೆ, ವಿಷಾದಿಸುತ್ತೇನೆ ಎಂದರು. ಭಾರತೀಯರನ್ನು ತೆವಳಿಸಿದ ಊರಿನಲ್ಲಿ, ಅಂದು ಹುಟ್ಟಿಯೇ ಇರದ ಒಬ್ಬ ಮನುಷ್ಯ ಹೊಟ್ಟೆಯ ಮೇಲೆ ಮಲಗಿದ್ದರು. ಇದರಿಂದ ಯಾರಿಗೇನು ಬಂತು ಎಂದು ಕೇಳಿದವರಿದ್ದಾರೆ. ಅವರ ಪ್ರಶ್ನೆ ನ್ಯಾಯವಾದದ್ದೇ. ಆದರೂ ಆ ಚಿತ್ರವನ್ನು ನೋಡಿದಾಗ, ಮೂಲಪಾಪದ ಬಗ್ಗೆ ನೂರು ಪ್ರವಚನಗಳು ಕಲಿಸದೇ ಹೋದದ್ದೊಂದು ನನಗೆ ತಿಳಿಯಿತು ಎಂದು ಹೇಳಲು ಹಿಂಜರಿಯುವುದಿಲ್ಲ.

ವೆಲ್ಬಿಯವರ ಬದುಕೇ ಈ ವಿಷಯಕ್ಕೆ ಬರೆದಿಟ್ಟ ಟಿಪ್ಪಣಿಯಂತಿದೆ. ತಂದೆಯೆಂದು ಅವರು ತಿಳಿದಿದ್ದವರು ಕುಡಿತಕ್ಕೆ ಬಿದ್ದವರು. ಅರವತ್ತು ದಾಟಿದ ಮೇಲೆ, 2016ರಲ್ಲಿ, ಡಿಎನ್‌ಎ ಪರೀಕ್ಷೆಯಿಂದ ತಾನು ಹುಟ್ಟಿದ್ದು ಬೇರೊಬ್ಬರಿಗೆ, ಚರ್ಚಿಲ್ಲರ ಕಾರ್ಯದರ್ಶಿಯಾಗಿದ್ದ ಆಂಟನಿ ಮೊಂಟಾಗ್ಯು ಬ್ರೌನ್ ಅವರಿಗೆ ಎಂದು ತಿಳಿಯಿತು. ತಾನು ಯಾರೆಂಬುದು ಕ್ರಿಸ್ತನಲ್ಲಿ ನಿರ್ಧಾರವಾಗಿದೆ, ವಂಶವಾಹಿಗಳಲ್ಲಿ ಅಲ್ಲ ಎಂದರು. 2024ರಲ್ಲಿ ಆ ಹೊಸ ತಂದೆಯ ಕಡೆಯ ಪೂರ್ವಜರೊಬ್ಬರು ಜಮೈಕಾದ ತೋಟದಲ್ಲಿ ಗುಲಾಮರನ್ನು ಇಟ್ಟುಕೊಂಡಿದ್ದರೆಂದು ತಾವಾಗಿಯೇ ಬಹಿರಂಗಪಡಿಸಿದರು. ಅದೇ ವರ್ಷದ ನವೆಂಬರಿನಲ್ಲಿ ರಾಜೀನಾಮೆಯನ್ನೂ ಘೋಷಿಸಿದರು. ಆ ರಾಜೀನಾಮೆ ಪೂರ್ವಜರ ಪಾಪಕ್ಕಲ್ಲ. ಕ್ರೈಸ್ತ ಶಿಬಿರಗಳಲ್ಲಿ ಹುಡುಗರನ್ನು ಹಿಂಸಿಸಿದ ಜಾನ್ ಸ್ಮಿತ್ ಎಂಬವನ ಬಗ್ಗೆ 2013ರಲ್ಲಿ ತಿಳಿದಮೇಲೂ ಮಾಡಬೇಕಾದಷ್ಟು ಮಾಡಲಿಲ್ಲ ಎಂದು ವಿಚಾರಣಾ ವರದಿ ಹೇಳಿತ್ತು. ಡಯರನ ಗುಂಡಿಗೆ, ಜಮೈಕಾದ ತೋಟಕ್ಕೆ ಅವರು ಹೊಣೆಯಲ್ಲ. ಈ ಮೂರನೆಯದಕ್ಕೆ ಹೊಣೆ. ಹಳೆಯ ಕಾಲದ ತಪ್ಪಿಗೆ ನೆಲಕ್ಕೆ ಬೀಳುವ ಮನುಷ್ಯನೂ ತನ್ನ ಕಾಲದ ಸಂತ್ರಸ್ತರ ಕೂಗಿಗೆ ತಡವಾಗಿ ಓಗೊಡಬಲ್ಲ. ಹಿರಿಯರ ಪಾಪ ನಿವೇದಿಸುವುದು ನಮ್ಮ ಪಾಪವನ್ನು ಮುಚ್ಚಿಡುವ ಪರದೆಯಾಗಬಾರದು ಎಂಬ ಎಚ್ಚರವನ್ನು ಆ ಸಂತ್ರಸ್ತರೇ ನಮಗೆ ಕಲಿಸಬೇಕಾಗಿ ಬಂತು.

ಹಾಗಾದರೆ ನಾವು ಮಾಡದ ಪಾಪಕ್ಕೂ ನಮಗೂ ಏನು ಸಂಬಂಧ? ನಮ್ಮ ದೇಶದ ಹಿಂದೂ ಕಾನೂನಿನಲ್ಲಿ ಅಪ್ಪನ ಸಾಲವನ್ನು ಮಗ ಧರ್ಮಕ್ಕಾಗಿ ತೀರಿಸಲೇಬೇಕೆಂಬ ಹಳೆಯ ಕಟ್ಟಳೆ ಇತ್ತು, 2005ರ ಉತ್ತರಾಧಿಕಾರ ತಿದ್ದುಪಡಿ ಅದನ್ನು ತೆಗೆದುಹಾಕಿತು. ಆದರೂ ಅಪ್ಪನ ಮನೆ, ಗದ್ದೆ ನನ್ನ ಕೈಗೆ ಬಂದಿದ್ದರೆ ಅದರ ಮೇಲಿನ ಸಾಲವೂ ಅಷ್ಟರ ಮಟ್ಟಿಗೆ ನನ್ನದೇ. ಸಾಲ ಮಾಡಿದ ಕೆಟ್ಟ ಹೆಸರು ನನಗಿಲ್ಲ, ಆದರೆ ಗದ್ದೆಯ ಅಕ್ಕಿ ಉಣ್ಣುತ್ತ ಸಾಲ ಕೊಟ್ಟವನಿಗೆ ಬಾಗಿಲು ಹಾಕುವಂತಿಲ್ಲ. ಇಂಗ್ಲೆಂಡಿನ ಸಭೆಗೆ ಇದು ಬರಿಯ ಹೋಲಿಕೆಯಾಗಿರಲಿಲ್ಲ. 1704ರಲ್ಲಿ ಬಡ ಪಾದ್ರಿಗಳಿಗಾಗಿ ಸ್ಥಾಪನೆಯಾದ ಕ್ವೀನ್ ಆನ್ಸ್ ಬೌಂಟಿ ಎಂಬ ನಿಧಿಯ ಹಣ ಗುಲಾಮರ ವ್ಯಾಪಾರದ ಸೌತ್ ಸೀ ಕಂಪನಿಯಲ್ಲಿ ಹೂಡಿಕೆಯಾಗಿತ್ತು, ಆ ನಿಧಿ ಇಂದು ಸಭೆಯ ಆಸ್ತಿಯನ್ನು ನೋಡಿಕೊಳ್ಳುವ ಚರ್ಚ್ ಕಮಿಷನರ್ಸ್ ಮಂಡಳಿಯ ಸಂಪತ್ತಿನ ಬೇರುಗಳಲ್ಲೊಂದು. 2023ರಲ್ಲಿ ಆ ಮಂಡಳಿ ಇದಕ್ಕೆ ಪ್ರತಿಯಾಗಿ ಒಂಬತ್ತು ವರ್ಷಗಳಲ್ಲಿ 10 ಕೋಟಿ ಪೌಂಡ್ ತೊಡಗಿಸುವುದಾಗಿ ಪ್ರಕಟಿಸಿತು. ಸಾಕೇ ಎಂಬ ಚರ್ಚೆ ನಡೆಯುತ್ತಿದೆ, ನಡೆಯಲಿ.

ಇದಕ್ಕೆ ಬೈಬಲ್ಲಿನಲ್ಲೇ ಒಂದು ಮಾದರಿಯಿದೆ. ನೆಹೆಮೀಯ ಎಂಬ ಯೆಹೂದಿ ಪರ್ಷಿಯದ ದೊರೆಯ ಪಾನದಾಯಕನಾಗಿದ್ದ. ಜೆರುಸಲೇಮಿನ ಗೋಡೆ ಮುರಿದುಬಿದ್ದ ಸುದ್ದಿ ಬಂದಾಗ ಅವನು ಅತ್ತು, ಉಪವಾಸವಿದ್ದು, ನಾನೂ ನನ್ನ ಮನೆತನವೂ ಪಾಪ ಮಾಡಿದ್ದೇವೆ ಎಂದು ದೇವರ ಮುಂದೆ ಹೇಳಿಕೊಂಡ. ಆ ನಗರ ಬಿದ್ದದ್ದು ಅವನ ಕಾಲಕ್ಕೆ ನೂರು ವರ್ಷಕ್ಕೂ ಹಿಂದೆ. ಪ್ರಾರ್ಥನೆ ಮುಗಿಸಿ ದೊರೆಯಿಂದ ರಜೆ ಪಡೆದು, ಮರಮುಟ್ಟಿಗೆ ಪತ್ರ ಬರೆಸಿಕೊಂಡು ಹೊರಟ. ಅವನು ಯಾರ ಪಾಪ ಎಂದು ಲೆಕ್ಕ ಹಾಕುತ್ತ ಕೂರಲಿಲ್ಲ. ನಾವು ಎನ್ನುವ ಮಾತಿನೊಳಗೆ ಸತ್ತ ಹಿರಿಯರನ್ನೂ ಸೇರಿಸಿಕೊಂಡ, ಕಲ್ಲು ಹೊರಲು ಹೋದ. ಸಕ್ಕಾಯನೆಂಬ ಸುಂಕದವನ ಕಥೆಯಲ್ಲೂ ಹೀಗೆಯೇ. ಯೇಸು ತನ್ನ ಮನೆಗೆ ಬಂದ ದಿನ ಅವನು ಆಸ್ತಿಯ ಅರ್ಧವನ್ನು ಬಡವರಿಗೂ, ಮೋಸದಿಂದ ಕಿತ್ತುಕೊಂಡದ್ದನ್ನು ನಾಲ್ಕರಷ್ಟಾಗಿ ಕಳೆದುಕೊಂಡವರಿಗೂ ಕೊಡುತ್ತೇನೆಂದ. ಈ ಮನೆಗೆ ಇಂದು ರಕ್ಷಣೆ ಬಂತೆಂದು ಯೇಸು ಸಾರಿದ್ದು ಅದಾದ ಮೇಲೆ.

ಈಗ ನಮ್ಮ ಮನೆಯ ಮಾತು. ನಮ್ಮ ಧರ್ಮಸಭೆಯಲ್ಲಿ ಮಗುವಿನ ತಲೆಯ ಮೇಲೆ ಮೂರು ಸಲ ನೀರು ಹೊಯ್ದಾಗ ಜನ್ಮಪಾಪ ತೊಳೆದುಹೋಗುತ್ತದೆ ಎಂದು ಕಲಿಸುತ್ತೇವೆ. ಆ ನೀರಿನಲ್ಲಿ ತೊಳೆಯದೆ ಉಳಿಯುವುದು ಜಾತಿ. ಐದು ಶತಮಾನಗಳ ಹಿಂದೆ ಗೋವೆಯಲ್ಲಿ ಮತಾಂತರವಾದ ಹಿರಿಯರು ಯಾವ ಜಾತಿಯಲ್ಲಿದ್ದರೋ ಅದರ ನೆನಪು ಬಾಮಣ್, ಚಾರಡಿ, ಸುದಿರ್ ಎಂಬ ಹೆಸರುಗಳಲ್ಲಿ ಕರಾವಳಿಯ ಕ್ಯಾಥೊಲಿಕ್ ಮನೆಗಳಲ್ಲಿ ಇನ್ನೂ ಉಸಿರಾಡುತ್ತಿದೆ. ಪೂಜೆಯಲ್ಲಿ ಒಂದೇ ಬೆಂಚು, ಒಂದೇ ಪರಮಪ್ರಸಾದ. ಮದುವೆಯ ಮಾತು ಬಂದಾಗ ಮಾತ್ರ ದನಿ ತಗ್ಗಿಸಿ ಒಂದು ವಿಚಾರಣೆ. ತಮಿಳುನಾಡಿನಲ್ಲಿ ಅದು ಇನ್ನೂ ಕಟು: ತಿರುಚಿರಾಪಳ್ಳಿಯ ಮೇಲಪುದೂರಿನ ಕ್ಯಾಥೊಲಿಕ್ ಸ್ಮಶಾನದಲ್ಲಿ ದಲಿತರ ಗೋರಿಗಳನ್ನು ಬೇರ್ಪಡಿಸಿ ಎಬ್ಬಿಸಿದ ಗೋಡೆಯ ವಿರುದ್ಧ ದಲಿತ ಕ್ರೈಸ್ತರು ಹೋರಾಡುತ್ತ ಬಂದಿದ್ದಾರೆ. ಐರ್ಲೆಂಡಿನಲ್ಲಿ ನೀರು ಬೀಳದ ಮಗುವನ್ನು ಸ್ಮಶಾನದ ಹೊರಗೆ ಹೂತರು, ಇಲ್ಲಿ ನೀರು ಬಿದ್ದು ಎಪ್ಪತ್ತು ವರ್ಷ ಪೂಜೆಗೆ ಬಂದವರನ್ನೂ ಗೋಡೆಯಾಚೆ ಹೂತರು. ಆದಮನ ಪಾಪ ಹೇಗೆ ಹರಿದುಬರುತ್ತದೆಂದು ಪಂಡಿತರು ಹದಿನಾರು ಶತಮಾನ ವಾದ ಮಾಡಿದ್ದಾರೆ. ಈ ಪಾಪ ಹೇಗೆ ಹರಿದುಬರುತ್ತದೆಂದು ಹೇಳಲು ಪಂಡಿತರೇ ಬೇಡ. ಅದನ್ನು ಅಮ್ಮ ಮಗಳಿಗೆ ಅಡುಗೆಮನೆಯಲ್ಲಿ ಕಲಿಸುತ್ತಾಳೆ, ಅಪ್ಪ ಮಗನಿಗೆ ಜಗಲಿಯಲ್ಲಿ.

ಭಾರತದ ಕ್ಯಾಥೊಲಿಕ್ ಬಿಷಪರ ಮಂಡಳಿ 2016ರ ಡಿಸೆಂಬರಿನಲ್ಲಿ ದಲಿತರ ಸಬಲೀಕರಣದ ನೀತಿಯನ್ನು ಪ್ರಕಟಿಸಿ, ಧರ್ಮಸಭೆಯೊಳಗೇ ಅಸ್ಪೃಶ್ಯತೆ ಇದೆಯೆಂದು ಒಪ್ಪಿಕೊಂಡಿತು. ಅದು ನೆಹೆಮೀಯನ ಪ್ರಾರ್ಥನೆಯ ಭಾಗ. ಹೊರಟು ಹೋಗುವ ಭಾಗ ಪ್ರತಿ ಚರ್ಚಿನ ಪಾಲನಾ ಮಂಡಳಿಗೆ, ಪ್ರತಿ ಮನೆಗೆ ಬಿಟ್ಟದ್ದು. ಐರ್ಲೆಂಡಿನಲ್ಲಿ ಈಚಿನ ದಶಕಗಳಲ್ಲಿ ಊರವರೂ ಗುರುಗಳೂ ಕೂಡಿ ಎಷ್ಟೋ ಕಿಲ್ಲೀನ್‌ಗಳಿಗೆ ಹೋಗಿ ಪ್ರಾರ್ಥಿಸಿ, ಆ ನೆಲವನ್ನು ಪವಿತ್ರೀಕರಿಸಿ, ಸ್ಮಾರಕಗಳನ್ನು ನಿಲ್ಲಿಸಿದ್ದಾರೆ. ಸತ್ತ ಮಕ್ಕಳಿಗೆ ಅದರಿಂದ ಏನೂ ಆಗಬೇಕಿರಲಿಲ್ಲ, ಅವರು ಎಂದೋ ದೇವರ ಮಡಿಲಲ್ಲಿದ್ದಾರೆಂದು ನಾನು ನಂಬಿದ್ದೇನೆ. ವಾಸಿಯಾಗಬೇಕಿದ್ದವರು ಬದುಕಿರುವವರು.

ನಮ್ಮಲ್ಲಿ ಅಂಥ ಕೆಲಸ ಎಲ್ಲಿಂದ ಶುರುವಾಗಬೇಕೆಂದು ಕೇಳಿದರೆ, ಮದುವೆಯಿಂದ ಎನ್ನುತ್ತೇನೆ. ಆ ತಗ್ಗಿದ ದನಿಯ ವಿಚಾರಣೆಯನ್ನು ಬಿಟ್ಟು ಮಕ್ಕಳ ಮದುವೆ ಮಾಡಿದ ಮನೆಗಳು ಕರಾವಳಿಯಲ್ಲಿ ಈಗಾಗಲೇ ಇವೆ. ನೆಂಟರ ಕೊಂಕುಮಾತು, ಖಾಲಿ ಉಳಿದ ಕುರ್ಚಿಗಳು, ಹಬ್ಬಕ್ಕೆ ಕರೆಯದ ಸೋದರಮಾವ, ಇದನ್ನೆಲ್ಲ ಆ ಮನೆಗಳು ಒಂಟಿಯಾಗಿ ಸಹಿಸಿವೆ. ಗುರುಗಳು ತಮ್ಮ ಭಾನುವಾರದ ಪ್ರವಚನದಲ್ಲಿ ಜನ್ಮಪಾಪದ ಬಗ್ಗೆ ಮಾತಾಡುವಾಗ ಆದಮನ ಹಣ್ಣಿಗೆ ನಿಲ್ಲದೆ ಜಾತಿಯನ್ನು ಹೆಸರು ಹಿಡಿದು ಹೇಳಲಿ. ಅಂಥ ಮದುವೆಗಳನ್ನು ಗುಡಿಯ ದೊಡ್ಡ ಪೂಜೆಯಲ್ಲೇ ನೆರವೇರಿಸಿ, ಇಡೀ ಊರನ್ನು ಊಟಕ್ಕೆ ಕರೆಯಲಿ.